ಬಾಡಿಗೆ ತಾಯಿಗೆ ಸಂಭಾವನೆ ಎಷ್ಟು?

ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಸುರಿಯ ಪಾತ್ರ ಮಾಡುವ ನಾಯಕಿಗೆ ಲಕ್ಷಗಟ್ಟಲೆ ಸಂಭಾವನೆ! ನಿಜವಾಗಿಯೂ ಒಂಬತ್ತು ತಿಂಗಳು ಇನ್ನೊಬ್ಬರ ಕೂಸನ್ನು ಹೊತ್ತು ಹೆರುವವಳಿಗೆ?... ಇಂದಿನ ಕಾನೂನಿನ ಉತ್ತರ: ಸೊನ್ನೆ!

ನಮ್ಮ ಮುಳಬಾಗಿಲಿನ ಸೌಂದರ್ಯ ನೆನಪಿದ್ದಾರಲ್ಲ? 2001ರ ತೆಲುಗು ಚಿತ್ರ '9 ನೆಲಲು'. ಹಾಗೆಂದರೆ ಒಂಬತ್ತು ತಿಂಗಳು. ಅದರಲ್ಲಿ ಗಂಡನ ಚಿಕಿತ್ಸೆಯ ಹಣಕ್ಕಾಗಿ ಬಾಡಿಗೆ ತಾಯಿಯಾಗುವ ಪಾತ್ರ ಅವರದು. 2021ರ ಹಿಂದಿ 'ಮಿಮಿ'ಯಲ್ಲಿ ಕೃತಿ ಸನೋನ್, ಸಿನಿಮಾ ನಟಿಯಾಗುವ ಕನಸಿಗೆ ದುಡ್ಡು ಬೇಕೆಂದು ಒಪ್ಪುತ್ತಾಳೆ. ಕೂಸು ಬೇಕೆಂದ ವಿದೇಶಿ ದಂಪತಿ ನಡುದಾರಿಯಲ್ಲಿ ಕೈಕೊಡುತ್ತಾರೆ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಬರೀ ಕಥೆ ಅನ್ನಬೇಡಿ. ಗುಜರಾತಿನ ಆಣಂದ್ ಒಂದು ಕಾಲಕ್ಕೆ ಈ ಕೆಲಸಕ್ಕೆ ಜಗತ್ಪ್ರಸಿದ್ಧ. ಸಾಲ ತೀರಿಸಲು, ಸೂರು ಕಟ್ಟಲು ಬಡ ಹೆಂಗಸರು ಪರರ ಕೂಸು ಹೊತ್ತರು. ಜಪಾನಿನ ದಂಪತಿಗಾಗಿ ಬಸಿರು ನಿಂತಿತ್ತು. ಕೂಸು ಹುಟ್ಟುವ ಮೊದಲೇ ಗಂಡಹೆಂಡಿರು ಬೇರೆಯಾದರು. 2008ರಲ್ಲಿ ಆ ಕೂಸಿನ ಪಾಡು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಕೊನೆಗೆ ಕಾನೂನು ಬಂತು, 2022ರ ಜನವರಿ 25ರಿಂದ ಜಾರಿ. ಹಣಕ್ಕಾಗಿ ಹೊರಿಸುವ ವ್ಯವಹಾರ ನಡೆಸಿದರೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಹೊರುವವಳಿಗೆ ಮದುವೆಯಾಗಿರಬೇಕು, ಸ್ವಂತ ಮಗುವಿರಬೇಕು, ವಯಸ್ಸು 25ರಿಂದ 35. ಜೀವಮಾನದಲ್ಲಿ ಒಮ್ಮೆ ಮಾತ್ರ! ಸಿಗುವುದು ಆಸ್ಪತ್ರೆ ಖರ್ಚು, 36 ತಿಂಗಳ ವಿಮೆ. ಕೂಲಿ ಇಲ್ಲ.

ಮೊನ್ನೆ ನವಿಲುತೀರ್ಥದ ಅಣೆಕಟ್ಟಿನ ಹತ್ತಿರ ಚಹಾ ಕುಡಿಯುತ್ತ ಇದೇ ವಾದ ಎದ್ದಿತು. "ತಾಯ್ತನಕ್ಕ ರೊಕ್ಕಾ ಇಸ್ಕೊಳ್ಳೂದ? ಛೀ!" ಎಂದ ನನ್ನ ಗೆಳೆಯ. ಚಹಾ ಕಾಸುತ್ತಿದ್ದ ಅವ್ವ ತಲೆ ಎತ್ತಿದಳು: "ಯಪ್ಪಾ, ಹೊಲದಾಗ ಒಂದ ದಿನಾ ಬಗ್ಗಿದ್ರ ಪಗಾರ ಕೊಡ್ತೀರಿ. ಒಂಬತ್ತ ತಿಂಗಳ ಹೊತ್ತಾಕಿಗೆ ಬರೇ ಪುಣ್ಯಾನ?" ಗೆಳೆಯನ ಬಾಯಿಗೆ ಬೀಗ!

ದಲ್ಲಾಳಿಗಳ ಹಾವಳಿ ನಿಲ್ಲಬೇಕು, ಒಪ್ಪಿದೆ. ಬಡತನವನ್ನೇ ಬಂಡವಾಳ ಮಾಡಿಕೊಂಡವರಿಗೆ ಶಿಕ್ಷೆಯಾಗಲಿ. ಆದರೆ ಡಾಕ್ಟರಿಗೆ ಫೀಸು ಉಂಟು, ವಕೀಲರಿಗೆ ಉಂಟು, ದಾದಿಗೂ ಸಂಬಳ ಉಂಟು. ವಾಂತಿ, ಸೂಜಿ, ಹೆರಿಗೆ ನೋವು, ಜೀವದ ಅಪಾಯ ಎಲ್ಲಾ ಅನುಭವಿಸುವವಳೊಬ್ಬಳೇ ಧರ್ಮಕ್ಕೆ ದುಡಿಯಬೇಕೆ? ನ್ಯಾಯವಾದ ಕೂಲಿ, ಬರಹದಲ್ಲಿ ಕರಾರು, ಬೇಡ ಎನ್ನುವ ಹಕ್ಕು ಇವು ಮೂರೂ ಇರಲಿ ಎಂಬುದು ನನ್ನ ಮಾತು.

ಅಭಿಮಾನಿ ಮಿತ್ರರೇ, ತೆರೆಯ ಮೇಲೆ ತ್ಯಾಗಮಯಿ ತಾಯಿಯನ್ನು ಕಂಡಾಗ ಕರವಸ್ತ್ರ ತೆಗೆಯಿರಿ, ಬೇಡವೆನ್ನುವುದಿಲ್ಲ. ಕಣ್ಣೊರೆಸಿಕೊಂಡ ಮೇಲೆ, ನಿಜವಾದವಳ ಒಂಬತ್ತು ತಿಂಗಳ ಕಾಲ್‌ಷೀಟಿಗೆ ಯಾರು ಕೊಡುತ್ತಾರೆಂದೂ ಕೇಳಿ!