ಮೀನಿನ ತೊಟ್ಟಿಯಲ್ಲಿ ಅಡಗಿರುವ ಗುಣಗಳು

ಗಾಜಿನ ತೊಟ್ಟಿಯೊಂದನ್ನಿರಿಸಿ ಅದರಲ್ಲಿ ಬಣ್ಣದ ಮೀನುಗಳನ್ನು ಸಾಕುವ ಪದ್ಧತಿಯು ಈಗ ಅನೇಕ ಗೃಹಗಳಲ್ಲಿ ಬೆಳೆದಿರುವುದು ವಾಚಕರಿಗೆ ವಿದಿತವೇ ಆಗಿದೆ. ಮಕ್ಕಳಿಗೆ ಇದೊಂದು ವಿನೋದ, ವೃದ್ಧರಿಗೆ ಕಾಲಕ್ಷೇಪ. ಆದರೆ ಸಾಕುವುದರಲ್ಲಿಯೇ ತೃಪ್ತರಾಗದೆ ಮರಿಮಾಡಿಸಲು ತೊಡಗಿದವರಿಗೆ ಒಂದಲ್ಲ ಒಂದು ದಿನ ಒಂದು ವಿಸ್ಮಯವು ಎದುರಾಗದಿರದು. ತಾಯಿಯದು ಕಪ್ಪು ಪಟ್ಟೆ, ತಂದೆಯದೂ ಕಪ್ಪು ಪಟ್ಟೆ. ಆದರೂ ಮರಿಗಳಲ್ಲಿ ಕೆಲವು ಹೊಂಬಣ್ಣದವು! ಅಂಗಡಿಯವನು ಮೋಸ ಮಾಡಿದನೆಂದು ಕೆಲವರೂ, ನೀರಿನ ದೋಷವೆಂದು ಕೆಲವರೂ ಹೇಳುವರು. ಎರಡೂ ಸರಿಯಲ್ಲ. ಆ ಹೊಂಬಣ್ಣವು ತಾಯಿತಂದೆಗಳಿಬ್ಬರಲ್ಲಿಯೂ ಮೊದಲಿನಿಂದಲೇ ಇದ್ದಿತು. ಕಣ್ಣಿಗೆ ಕಾಣದಂತೆ ಇದ್ದಿತು, ಅಷ್ಟೆ.

ಇದಕ್ಕೆ ಉದಾಹರಣೆಯಾಗಿ ನಮ್ಮ ದೇಶದ್ದೇ ಆದ ಜೀಬ್ರಾ ಮೀನನ್ನು ತೆಗೆದುಕೊಳ್ಳೋಣ. ಕಿರುಬೆರಳಿನಷ್ಟೂ ಉದ್ದವಿಲ್ಲದ ಈ ಮೀನಿನ ಮೈಮೇಲೆ ತಲೆಯಿಂದ ಬಾಲದವರೆಗೆ ನೀಲಗಪ್ಪು ಪಟ್ಟೆಗಳು ಎಳೆದಂತೆ ಇರುವುವು. ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿ ಅಲ್ಲಿಯ ಬೆಳೆ, ಕಸುಬು, ಆಚಾರಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನ ಹೆಸರನ್ನು ಬಲ್ಲವರು ನಮ್ಮಲ್ಲಿ ಬಹುಮಂದಿ ಇರುವರು. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದ ಅವನೇ, ಗಂಗಾನದಿಯ ಮೀನುಗಳನ್ನು ಕುರಿತು ೧೮೨೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪುಟ್ಟ ಮೀನನ್ನು ಪಂಡಿತಲೋಕಕ್ಕೆ ಪರಿಚಯಿಸಿದನು. ಅದೇ ೧೮೨೨ನೆಯ ಇಸವಿಯಲ್ಲಿ ಗ್ರೆಗೊರ್ ಮೆಂಡೆಲನು ಜನಿಸಿದನೆಂಬುದೊಂದು ಸೋಜಿಗ. ಏಕೆಂದರೆ ಈ ಮೀನಿನ ಒಗಟನ್ನು ಬಿಡಿಸುವ ಬೀಗದಕೈ ಅವನಿಂದಲೇ ದೊರೆತುದು.

ಬ್ರನ್ ನಗರದ ಮಠವೊಂದರ ಸಂನ್ಯಾಸಿಯಾಗಿದ್ದ ಮೆಂಡೆಲನು ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಉರುಟು ಕಾಳಿನ ಜಾತಿಗೂ ಸುಕ್ಕುಗಾಳಿನ ಜಾತಿಗೂ ಸಂಕರ ಮಾಡಿದನು. ಮೊದಲ ಪೀಳಿಗೆಯಲ್ಲಿ ಎಲ್ಲವೂ ಉರುಟು, ಸುಕ್ಕು ಮಾಯವಾಯಿತು. ಅವುಗಳ ಸಂತತಿಯಲ್ಲಿ ೫೪೭೪ ಉರುಟು ಕಾಳುಗಳ ಜೊತೆಗೆ ೧೮೫೦ ಸುಕ್ಕುಗಾಳುಗಳು ಮರಳಿ ಬಂದುವು: ಹೆಚ್ಚುಕಡಿಮೆ ಮೂರಕ್ಕೆ ಒಂದು. ಮಾಯವಾದುದು ಸತ್ತಿರಲಿಲ್ಲ, ಮಲಗಿದ್ದಿತು. ೧೮೬೬ರಲ್ಲಿ ಅಚ್ಚಾದ ಈ ಲೇಖನವನ್ನು ಲೋಕವು ಗಮನಿಸಲಿಲ್ಲ. ಮೆಂಡೆಲನು ೧೮೮೪ರಲ್ಲಿ ತೀರಿಕೊಂಡನು. ೧೯೦೦ರಲ್ಲಿ ಅವನ ನಿಯಮವು ಪುನಃ ಬೆಳಕಿಗೆ ಬಂದಿತು.

ನಿಯಮವಾದರೋ ಸರಳವಾದುದು. ಇಂತಹ ಪ್ರತಿಯೊಂದು ಗುಣಕ್ಕೂ ಜೀವಿಯಲ್ಲಿ ಎರಡು ವಂಶವಾಹಿಗಳಿರುವುವು. ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ. ಒಂದು ಮನೆಗೆ ನೀರು ಹೊರುವ ಆಳುಗಳು ಇಬ್ಬರಿರುವರೆಂದು ಭಾವಿಸೋಣ. ಒಬ್ಬನು ಕೈಬಿಟ್ಟರೂ ಇನ್ನೊಬ್ಬನು ಹಂಡೆಯನ್ನು ತುಂಬಿಸುವನು. ಮನೆಯವರಿಗೆ ಕೊರತೆಯೇ ತಿಳಿಯದು. ಇಬ್ಬರೂ ಕೈಬಿಟ್ಟ ದಿನವೇ ಹಂಡೆ ಬರಿದು. ಜೀಬ್ರಾ ಮೀನಿನ ಕಪ್ಪು ಬಣ್ಣವೂ ಹೀಗೆಯೇ. ಒಂದು ವಂಶವಾಹಿಯು ಕೆಲಸ ಮಾಡಿದರೂ ಪಟ್ಟೆಯು ಕಪ್ಪಾಗಿಯೇ ಕಾಣುವುದು. ಎರಡೂ ಕೆಟ್ಟಿದ್ದರೆ ಕಪ್ಪಿನ ಕಣಗಳು ಸಣ್ಣವೂ ವಿರಳವೂ ಆಗಿ ಮೀನು ಹೊಂಬಣ್ಣಕ್ಕೆ ತಿರುಗುವುದು. ಹೊರಗೆ ಕಪ್ಪು, ಒಳಗೆ ಒಂದು ಹೊನ್ನಿನ ಅಂಶವುಳ್ಳ ಮೀನನ್ನು ‘ವಾಹಕ’ವೆನ್ನೋಣ, ಮಲಗಿರುವ ಗುಣವನ್ನು ‘ಸುಪ್ತಗುಣ’ವೆನ್ನೋಣ.

ಹಾಗಾದರೆ ತೊಟ್ಟಿಯಲ್ಲಿರುವ ಕಪ್ಪು ಮೀನುಗಳಲ್ಲಿ ವಾಹಕವಾವುದು, ಶುದ್ಧವಾವುದು? ಕಣ್ಣಿನಿಂದ ಇದನ್ನು ಅರಿಯಲಾಗದು, ಸಂತತಿಯಿಂದಲೇ ಅರಿಯಬೇಕು. ಕೆಲವು ಸಂಗತಿಗಳು ವಂಶವೃಕ್ಷದಿಂದಲೇ ನಿಶ್ಚಿತವಾಗುವುವು. ಹೊನ್ನಿನ ಮೀನಿಗೆ ಹುಟ್ಟಿದ ಕಪ್ಪು ಮರಿಯು ತಪ್ಪದೆ ವಾಹಕ. ಹೊನ್ನಿನ ಮರಿಯನ್ನು ಹೆತ್ತ ಕಪ್ಪು ಜೋಡಿಯಲ್ಲಿ ಇಬ್ಬರೂ ವಾಹಕರು, ಒಬ್ಬರೇ ಅಲ್ಲ. ಅಂತಹ ಜೋಡಿಯ ಕಪ್ಪು ಮರಿಗಳಲ್ಲಿ ಸರಾಸರಿ ಮೂರಕ್ಕೆ ಎರಡು ವಾಹಕಗಳು. ಆದರೆ ಆ ಎರಡು ಯಾವುವೆಂಬುದನ್ನು ಪರೀಕ್ಷೆಯೇ ಹೇಳಬೇಕು.

ಪರೀಕ್ಷೆಯ ಉತ್ತಮ ಮಾರ್ಗವೆಂದರೆ ಸಂಶಯದ ಮೀನನ್ನು ಹೊನ್ನಿನ ಮೀನಿನೊಡನೆ ಕೂಡಿಸುವುದು. ಅದು ವಾಹಕವಾಗಿದ್ದರೆ ಮರಿಗಳಲ್ಲಿ ಸುಮಾರು ಅರ್ಧ ಹೊನ್ನಾಗುವುವು. ಒಂದೇ ಒಂದು ಹೊನ್ನಿನ ಮರಿ ಹುಟ್ಟಿದರೂ ವಿಚಾರ ಮುಗಿಯಿತು. ಒಂದೂ ಹುಟ್ಟದಿದ್ದರೆ ಲೆಕ್ಕ ಹಾಕಬೇಕು. ವಾಹಕಕ್ಕೆ ಹುಟ್ಟಿದ ಏಳು ಮರಿಗಳೂ ಅಕಸ್ಮಾತ್ತಾಗಿ ಕಪ್ಪೇ ಆಗುವ ಸಂಭವವು ೧೨೮ರಲ್ಲಿ ಒಂದು. ಹತ್ತು ಮರಿಗಳಾದರೆ ೧೦೨೪ರಲ್ಲಿ ಒಂದು. ಹೊನ್ನಿನ ಮೀನು ದೊರೆಯದೆ, ವಾಹಕವೆಂದು ಗೊತ್ತಾದ ಕಪ್ಪು ಮೀನಿನೊಡನೆ ಕೂಡಿಸಿದರೆ ನಾಲ್ಕರಲ್ಲಿ ಒಂದು ಮಾತ್ರ ಹೊನ್ನಾಗುವುದರಿಂದ, ಅಷ್ಟೇ ಭರವಸೆಗೆ ಹೆಚ್ಚು ಮರಿಗಳು ಬೇಕು. ಅಲ್ಲಿ ಹದಿನೇಳು ಮರಿಗಳೂ ಕಪ್ಪಾದಾಗಲೇ ಸಂದೇಹವು ನೂರರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯುವುದು.

ಇಲ್ಲಿ ನಮ್ಮ ಮೀಮಾಂಸಕರ ಮಾತು ಸ್ಮರಣೆಗೆ ಬರುತ್ತದೆ. ಕಾಣದಿರುವುದೂ ಒಂದು ಪ್ರಮಾಣವೆಂದು ಕುಮಾರಿಲಭಟ್ಟನ ಅನುಯಾಯಿಗಳು ಒಪ್ಪಿ, ಅದಕ್ಕೆ ಅನುಪಲಬ್ಧಿಯೆಂದು ಹೆಸರಿಟ್ಟರು. ಆದರೆ ಅದಕ್ಕೊಂದು ಕಟ್ಟುಪಾಡುಂಟು: ವಸ್ತುವು ಇದ್ದಿದ್ದರೆ ಕಂಡೇ ತೀರುತ್ತಿತ್ತು ಎನ್ನುವಂತಹ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದು. ಬೆಳಕಿನ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಎರಡು ಕಪ್ಪು ಮರಿಗಳನ್ನು ಕಂಡು “ನನ್ನ ಮೀನು ಶುದ್ಧ” ಎನ್ನುವವನು ಕತ್ತಲ ಕೋಣೆಯಲ್ಲಿ ಕೊಡವನ್ನು ಹುಡುಕಿದವನಂತೆ. ಮರಿಗಳ ಸಂಖ್ಯೆಯೇ ಇಲ್ಲಿ ದೀಪ.

ಕಾರ್ಯಕ್ರಮದಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯಕ. ಪರೀಕ್ಷೆಯ ಜೋಡಿಯ ತೊಟ್ಟಿಯಲ್ಲಿ ಬೇರೆ ಮೀನಿರಕೂಡದು. ಸಂಜೆ ಕೂಡಿಸಿದ ಜೀಬ್ರಾ ಮೀನುಗಳು ಬೆಳಗಿನ ಬೆಳಕು ಬೀಳುತ್ತಲೇ ಮೊಟ್ಟೆಯಿಡುವುವು. ಇಟ್ಟ ಮೊಟ್ಟೆಗಳನ್ನು ತಾವೇ ತಿನ್ನುವುದೂ ಉಂಟಾದ್ದರಿಂದ ತಳದಲ್ಲಿ ಗೋಲಿಗಳನ್ನು ಹರಡಬೇಕು. ಬೆಚ್ಚನೆಯ ನೀರಿನಲ್ಲಿ ಎರಡು ಮೂರು ದಿನಗಳಲ್ಲಿ ಮರಿಗಳು ಹೊರಬರುವುವು. ಸುಮಾರು ಮೂರು ತಿಂಗಳಿಗೆ ಅವೂ ಮರಿಮಾಡಲು ಅರ್ಹವಾಗುವುವು. ಗಪ್ಪಿ ಮೀನಿನಲ್ಲಾದರೋ ಹೆಣ್ಣು ಒಮ್ಮೆ ಪಡೆದ ಬೀಜವನ್ನು ಹಲವು ತಿಂಗಳು ತನ್ನೊಳಗೆ ಕಾಪಾಡಿಕೊಳ್ಳುವುದರಿಂದ, ಎಳೆಯ ಪ್ರಾಯದಲ್ಲಿಯೇ ಗಂಡುಗಳಿಂದ ಬೇರ್ಪಡಿಸಿದ ಹೆಣ್ಣನ್ನೇ ಪರೀಕ್ಷೆಗೆ ಆರಿಸಬೇಕು. ಇಲ್ಲವಾದರೆ ಯಾರದೋ ಮರಿಗಳನ್ನು ಯಾರದೋ ಲೆಕ್ಕಕ್ಕೆ ಬರೆದಂತಾಗುವುದು. ದಿನಾಂಕ, ಜೋಡಿ, ಮರಿಗಳ ಎಣಿಕೆಗಳನ್ನು ಪುಸ್ತಕವೊಂದರಲ್ಲಿ ಬರೆದಿಡುವುದು ಮನೆಯ ಹುಡುಗರಿಗೆ ಒಳ್ಳೆಯ ಅಭ್ಯಾಸ.

ಹೊರಬಣ್ಣವನ್ನೇ ನಂಬಿಯೂ ಮೋಸಹೋಗಬಾರದು. ಹೊನ್ನಿನ ಜೀಬ್ರಾ ಮೀನನ್ನು ಬೇರೊಂದು ವಂಶವಾಹಿಯ ಕೊರತೆಯಿಂದ ಬಿಳುಪಾದ ಜೀಬ್ರಾ ಮೀನಿನೊಡನೆ ಕೂಡಿಸಿದರೆ ಮರಿಗಳೆಲ್ಲ ಕಪ್ಪಾಗುವುವು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದು. ಎಲ್ಲ ಗುಣಗಳೂ ಪೂರ್ತಿಯಾಗಿ ಅಡಗುವುದೂ ಇಲ್ಲ. ಚಿನ್ನದ ಮೀನಿನಲ್ಲಿ ಪಾರದರ್ಶಕ ಜಾತಿಯನ್ನೂ ಸಾಮಾನ್ಯ ಜಾತಿಯನ್ನೂ ಕೂಡಿಸಿದರೆ ಹುಟ್ಟುವ ಮರಿಗಳು ಎರಡರ ನಡುವಣ ಚುಕ್ಕೆಮೈಯವೆಂದು ಚೀನಾದ ಪಂಡಿತ ಚೆನ್ ಎಂಬಾತನು ೧೯೨೮ರಲ್ಲಿ ತೋರಿಸಿದನು. ಗಪ್ಪಿಯ ಒಂದು ಚುಕ್ಕೆಯು ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಸಾಗುವುದೆಂದು ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್ತನು ೧೯೨೦ರಲ್ಲಿಯೇ ಕಂಡಿದ್ದನು.

ಇಷ್ಟೆಲ್ಲ ಶ್ರಮವೇಕೆಂದು ಕೆಲವರು ಕೇಳಬಹುದು. ಅಡಗಿರುವುದು ಹೊನ್ನಿನ ಬಣ್ಣವೊಂದೇ ಅಲ್ಲ. ಡೊಂಕು ಬೆನ್ನು, ಅಲ್ಪಾಯುಸ್ಸು ಮೊದಲಾದ ದೋಷಗಳೂ ಹೀಗೆಯೇ ಮಲಗಿರಬಹುದು. ಸ್ವೇಚ್ಛೆಯಾಗಿ ಕೂಡುವ ಒಂದು ಗುಂಪಿನಲ್ಲಿ ಇಂತಹ ಒಂದು ದೋಷವು ನೂರು ಮೀನುಗಳಲ್ಲಿ ಒಂದರಲ್ಲಿ ಕಂಡರೆ, ಅದನ್ನು ಗುಪ್ತವಾಗಿ ಹೊತ್ತಿರುವುವು ಹದಿನೆಂಟು! ಕಂಡ ಒಂದನ್ನು ತೆಗೆದುಹಾಕಿದ ಮಾತ್ರಕ್ಕೆ ಕುಲವು ಶುದ್ಧವಾಗದು. ಒಡಹುಟ್ಟಿದವುಗಳನ್ನೇ ಮೇಲಿಂದ ಮೇಲೆ ಕೂಡಿಸಿದರೆ ಒಂದೇ ಮೂಲದ ಎರಡು ಅಂಶಗಳು ಸೇರಿ ದೋಷಗಳು ತಲೆಯೆತ್ತುವುವು. ಬೇಡವಾದ ಮರಿಗಳನ್ನು ಕೆರೆಬಾವಿಗಳಿಗೆ ಬಿಡುವುದೂ ಕೂಡದು. ಅಲ್ಲಿಯ ಸಹಜ ಮೀನುಗಳಿಗೆ ಅದರಿಂದ ಹಾನಿ.

ಈ ನಿಯಮವು ಮೀನಿನ ತೊಟ್ಟಿಗೇ ನಿಲ್ಲುವುದಿಲ್ಲ. ಜೀಬ್ರಾ ಮೀನಿಗೆ ಹೊಂಬಣ್ಣ ಕೊಡುವ ವಂಶವಾಹಿಗೆ ಸಮನಾದುದು ಮನುಷ್ಯನಲ್ಲಿಯೂ ಇದ್ದು, ನಮ್ಮ ಮೈಬಣ್ಣದ ಭೇದಗಳಲ್ಲಿ ಅದಕ್ಕೂ ಪಾಲುಂಟೆಂದು ಅಮೆರಿಕದ ಪೆನ್ಸಿಲ್ವೇನಿಯದ ವಿದ್ವಾಂಸರು ೨೦೦೫ರಲ್ಲಿ ಪ್ರಕಟಿಸಿದರು. ಸೋದರಮಾವನ ಮಗಳನ್ನು ವಿವಾಹವಾಗುವುದು ದಕ್ಷಿಣದವರ ಆಚಾರವೆಂದು ಬೌಧಾಯನ ಧರ್ಮಸೂತ್ರವೇ ಹೇಳುತ್ತದೆ. ನಮ್ಮ ಮನೆಗಳಲ್ಲಿ ಅದು ಇಂದಿಗೂ ಅಳಿದಿಲ್ಲ. ಹತ್ತಿರದ ಸಂಬಂಧಿಗಳಲ್ಲಿ ಒಂದೇ ಅಜ್ಜಅಜ್ಜಿಯರಿಂದ ಬಂದ ಸುಪ್ತ ಅಂಶವು ಇಬ್ಬರಲ್ಲಿಯೂ ಇರುವ ಸಂಭವವು ಹೆಚ್ಚು. ಥಲಸೀಮಿಯವೆಂಬ ರಕ್ತದ ರೋಗವನ್ನು ನೋಡಿರಿ. ದಂಪತಿಗಳಿಬ್ಬರೂ ಆರೋಗ್ಯವಂತರಾದ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ರೋಗದ ಮಗು ಹುಟ್ಟುವ ಸಂಭವವು ನಾಲ್ಕರಲ್ಲಿ ಒಂದು. ಮೀನಿನಂತೆ ಇಲ್ಲಿ ಸಂತತಿಯನ್ನು ಕಾಯಬೇಕಾಗಿಲ್ಲ; ವಿವಾಹಕ್ಕೆ ಮೊದಲೇ ರಕ್ತಪರೀಕ್ಷೆಯಿಂದ ವಾಹಕತ್ವವನ್ನು ತಿಳಿಯಬಹುದು. ಜಾತಕ ಕೂಡಿಸುವ ಹಿರಿಯರು ಇದನ್ನೂ ಕೂಡಿಸಿ ನೋಡುವುದು ಯುಕ್ತ.

ಇನ್ನೊಂದು ಮಾತು. ನ್ಯೂನತೆಯುಳ್ಳ ಮಗು ಹುಟ್ಟಿದಾಗ “ಸೊಸೆಯ ಕಾಲ್ಗುಣ”ವೆಂದು ಆಡಿಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಎರಡು ಕಪ್ಪು ಮೀನುಗಳಿಗೆ ಹುಟ್ಟಿದ ಹೊನ್ನಿನ ಮರಿಯನ್ನು ಕಂಡವರು ಮುಂದೆ ಆ ಮಾತನ್ನು ಆಡಲಾರರು. ಇಂತಹ ಸುಪ್ತಗುಣವು ಮೇಲೆದ್ದಲ್ಲಿ ಇಬ್ಬರಿಂದಲೂ ಒಂದೊಂದು ಅಂಶ ಬಂದಿರಲೇಬೇಕು. ಅದನ್ನು ಇಬ್ಬರೂ ತಿಳಿದು ತಂದವರಲ್ಲ. ಅವರ ಹಿರಿಯರೂ ತಿಳಿದು ಕೊಟ್ಟವರಲ್ಲ. ಹೀಗಿರಲಾಗಿ ಒಬ್ಬಳನ್ನೇ ದೂಷಿಸುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯವೂ ಅಹುದು.