ಡಿಜೆ ಹೋದರೂ ನಿಲ್ಲದ ‘ಗುಂಯ್’: ಪೇಟೆಯವರ ಕಿವಿ ಕಾಯುವವರು ಯಾರು?

ನ್ಯಾಮತಿ: ಗಣಪತಿ ಬಿಟ್ಟ ಮಾರನೇ ದಿನ ಪೇಟೆಯಲ್ಲಿ ಒಂದೇ ಮಾತು. ‘ಏನಂದ್ರಿ? ಸ್ವಲ್ಪ ಜೋರಾಗಿ ಹೇಳ್ರೀ!’ ರಾತ್ರಿ ಡಿಜೆ ಮುಂದೆ ಕುಣಿದ ಹುಡುಗರಿಗೆ ಕಿವಿಯೊಳಗೆ ‘ಗುಂಯ್’. ಅಂಗಡಿ ಬಾಗಿಲಲ್ಲಿ ಕೂತು ಮೆರವಣಿಗೆ ನೋಡಿದವರಿಗೆ ಕಿವಿಗೆ ಹತ್ತಿ ತುರುಕಿದ ಹಾಗೆ ಮಂದ. ಎರಡು ದಿನಕ್ಕೆ ಸರಿಹೋಗುತ್ತೆ, ಹಬ್ಬ ಅಂದ್ಮೇಲೆ ಇದ್ದದ್ದೇ ಅಂತ ಎಲ್ಲರೂ ಸುಮ್ಮನಾಗುತ್ತಾರೆ.

ಸುಮ್ಮನಾಗುವ ವಿಷಯ ಇದಲ್ಲ. ಆ ‘ಗುಂಯ್’ ಎಂಬುದು ಕಿವಿ ಕೊಟ್ಟ ನೋಟೀಸು. ಬ್ಯಾಂಕಿನ ನೋಟೀಸಿಗಾದರೆ ಬೆವರುವ ಜನ, ಈ ನೋಟೀಸನ್ನು ಹರಿದು ಬಿಸಾಕುತ್ತಾರೆ. ಸಾಲವಾದರೆ ಹೇಗಾದರೂ ತೀರಿಸಬಹುದು. ಒಳಕಿವಿ ಹೋದರೆ ವಾಪಸು ತರುವ ಔಷಧಿ ಇವತ್ತಿಗೂ ಇಲ್ಲ.

2025ರ ಗಣೇಶ ಹಬ್ಬದ ಹೊತ್ತಿಗೆ ದಾವಣಗೆರೆ ಜಿಲ್ಲಾಡಳಿತ ಡಿಜೆ ಬಳಕೆಗೆ ನಿಷೇಧ ಹಾಕಿತು. ಬೇಕು ಅನ್ನುವವರೂ ಬೇಡ ಅನ್ನುವವರೂ ಜೋರಾಗಿಯೇ ಮಾತಾಡಿದರು. ಹಬ್ಬದ ಹಕ್ಕು, ಬಾಡಿಗೆಗೆ ಡಿಜೆ ಕೊಡುವವರ ಹೊಟ್ಟೆಪಾಡು, ಪೊಲೀಸರ ಬಂದೋಬಸ್ತು, ಎಲ್ಲದರ ಮಾತೂ ಆಯಿತು. ಹಿಂದೆ ಬಿದ್ದದ್ದು ಕಿವಿಯ ಮಾತು.

ಅಂದಹಾಗೆ ಇದು ಗಣಪತಿಯೊಬ್ಬನ ಮೇಲಿನ ದೂರಲ್ಲ. ಮದುವೆ ದಿಬ್ಬಣ, ಜಾತ್ರೆ, ಜಯಂತಿ, ಉರುಸು, ರಾಜ್ಯೋತ್ಸವ, ಗೆದ್ದವರ ವಿಜಯೋತ್ಸವ, ಎಲ್ಲದಕ್ಕೂ ಈಗ ಅದೇ ಪೆಟ್ಟಿಗೆ, ಅದೇ ‘ಧಡ್ ಧಡ್’. ಭಕ್ತಿಗೀತೆಯೋ ಸಿನಿಮಾ ಹಾಡೋ, ಒಳಕಿವಿಗೆ ಆ ಭೇದ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಲೆಕ್ಕ: ಎಷ್ಟು ಜೋರು, ಎಷ್ಟು ಹೊತ್ತು.

ಕಿವಿಗೆ ಬಾಗಿಲಿಲ್ಲ

ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ. ಕಿವಿಗೆ ಬಾಗಿಲಿಲ್ಲ. ಬಂದದ್ದೆಲ್ಲ ಒಳಗೆ ಹೋಗಲೇಬೇಕು. ಒಳಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿದ ಒಂದು ಪುಟ್ಟ ಕೊಳವೆ. ಅದರಲ್ಲಿ ದ್ರವ. ಒಂದೊಂದು ಕಿವಿಯಲ್ಲೂ ಸುಮಾರು 15 ಸಾವಿರ ಕೂದಲುಕೋಶಗಳು ಸಾಲಾಗಿ ನಿಂತಿರುತ್ತವೆ. ಶಬ್ದ ಬಂದಾಗ ದ್ರವ ಅಲುಗುತ್ತದೆ, ಕೋಶಗಳ ತುದಿಯ ಸೂಕ್ಷ್ಮ ಎಳೆಗಳು ಬಾಗುತ್ತವೆ, ಸುದ್ದಿ ನರದ ಮೂಲಕ ಮಿದುಳಿಗೆ ಮುಟ್ಟುತ್ತದೆ. ಕೇಳುವುದು ಅಂದರೆ ಇಷ್ಟೇ.

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಜೋರು ಮಳೆಗೆ ಭತ್ತದ ಸಸಿ ಮಲಗುತ್ತದೆ, ಬಿಸಿಲು ಬಂದರೆ ಏಳುತ್ತದೆ. ಅದೇ ಗದ್ದೆಗೆ ದಿನಾ ದನ ನುಗ್ಗಿದರೆ? ಒಂದು ರಾತ್ರಿಯ ಡಿಜೆಗೆ ಮಂದವಾದ ಕಿವಿ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ತೆರೆದುಕೊಂಡಂತೆ ಕಂಡೀತು. ಹಾಗೆಂದು ಪೂರ್ತಿ ಮೊದಲಿನಂತಾಯಿತು ಎನ್ನುವ ಹಾಗಿಲ್ಲ. ಮತ್ತೆ ಮತ್ತೆ ಅದೇ ಏಟು ಬಿದ್ದರೆ ಕೋಶಗಳು ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ವಿಚಿತ್ರ ನೋಡಿ, ಕೋಳಿಗೆ ಇವು ಹಾಳಾದರೂ ಮತ್ತೆ ಬೆಳೆಯುತ್ತವೆ ಅಂತ 1980ರ ದಶಕದಲ್ಲೇ ವಿಜ್ಞಾನಿಗಳು ಕಂಡುಕೊಂಡರು. ಕೋಳಿಗಿರುವ ಆ ಭಾಗ್ಯ ಕೋಳಿ ತಿನ್ನುವವನಿಗಿಲ್ಲ.

ಲೆಕ್ಕ ಗೊತ್ತಿರುವವರಿಗೆ ಒಂದು ಲೆಕ್ಕ

ಶಬ್ದವನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಸಾಧಾರಣ ಮಾತು 60. ಅಡಿಗೆ ಮನೆಯ ಮಿಕ್ಸಿ 85ರ ಆಸುಪಾಸು. ಡಿಜೆ ಪೆಟ್ಟಿಗೆಯ ಎದುರು ನಿಂತರೆ 100 ದಾಟುವುದು ಸಾಮಾನ್ಯ. 60ಕ್ಕೂ 100ಕ್ಕೂ ಏನು ಮಹಾ ವ್ಯತ್ಯಾಸ ಅನ್ನಬೇಡಿ. ಇದು ತಕ್ಕಡಿಯ ಲೆಕ್ಕವಲ್ಲ. ಪ್ರತಿ 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ 10 ಪಟ್ಟು. ವಸತಿ ಪ್ರದೇಶಕ್ಕೆ ಹಗಲಿನಲ್ಲಿ ಕಾನೂನು ಹಾಕಿರುವ ಮಿತಿ 55. ಪೆಟ್ಟಿಗೆ 105 ಹೊಡೆದರೆ ಆ ಮಿತಿಗಿಂತ ಒಂದು ಲಕ್ಷ ಪಟ್ಟು!

ಇನ್ನು ಹೊತ್ತಿನ ಲೆಕ್ಕ. ದುಡಿಯುವ ಜಾಗಕ್ಕೆ ಅಮೆರಿಕದ ತಜ್ಞ ಸಂಸ್ಥೆಯೊಂದು ಹಾಕಿಕೊಟ್ಟ ಪಟ್ಟಿ ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದೆ. 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. 106 ಆದರೆ 4 ನಿಮಿಷವೂ ಇಲ್ಲ. ಮೆರವಣಿಗೆ ಒಂದು ಸರ್ಕಲ್ಲಿನಲ್ಲಿ ನಿಂತರೆ ಅರ್ಧ ಗಂಟೆ ಕದಲುವುದಿಲ್ಲ. ಎದುರಿನ ಅಂಗಡಿಯವರ ಕಿವಿಯ ರೇಷನ್ನು ಎರಡು ಹಾಡಿಗೇ ಖಾಲಿ. ಉಳಿದದ್ದೆಲ್ಲ ಕಡದ ಲೆಕ್ಕ.

ಅಳೆಯುವ ಯಂತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ಒಂದು ಮೊಳ ದೂರದಲ್ಲಿ ನಿಂತವರ ಹತ್ತಿರ ಕೂಗಿ ಮಾತಾಡಬೇಕಾಗಿ ಬಂದರೆ ಶಬ್ದ 85 ದಾಟಿದೆ ಅಂತ ತಿಳಿಯಿರಿ.

‘ನಮ್ಮ ಡೊಳ್ಳು, ತಮಟೆಗೆ ಶಬ್ದ ಇಲ್ಲವೇ?’ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಇದೆ. ಪಕ್ಕದಲ್ಲೇ ನಿಂತರೆ ಅದೂ ಕಿವಿಗೆ ಒಳ್ಳೆಯದಲ್ಲ. ಆದರೆ ಡೊಳ್ಳು ಹೊಡೆಯುವವನ ತೋಳು ಸೋಲುತ್ತದೆ, ಆತ ನಿಲ್ಲಿಸುತ್ತಾನೆ, ನೀರು ಕುಡಿಯುತ್ತಾನೆ. ಜನರೇಟರಿಗೆ ತೋಳಿಲ್ಲ. ಡೀಸೆಲ್ ಇರುವತನಕ ಅದು ಸೋಲುವುದಿಲ್ಲ.

ಮೊದಲು ಹೋಗುವುದು ‘ಸ’ಕಾರ

ಕಿವಿ ಒಂದೇ ದಿನಕ್ಕೆ ಹೋಗುವುದಿಲ್ಲ, ಕಳ್ಳನ ಹಾಗೆ ಹೋಗುತ್ತದೆ. ಜೋರು ಶಬ್ದ ಮೊದಲು ಕೊಲ್ಲುವುದು ಕೀರಲು ಸ್ವರಗಳನ್ನು ಹಿಡಿಯುವ ಕೋಶಗಳನ್ನು. ‘ಅ’, ‘ಆ’, ‘ಓ’ ಚೆನ್ನಾಗಿ ಕೇಳುತ್ತವೆ. ‘ಸ’, ‘ಶ’, ‘ತ’, ‘ಕ’ ಮಸುಕಾಗುತ್ತವೆ. ಗಿರಾಕಿ ‘ಸಕ್ಕರೆ’ ಅಂದರೆ ಏನೋ ಅಂದದ್ದು ಕೇಳಿತು, ಏನು ಅಂದದ್ದು ತಿಳಿಯಲಿಲ್ಲ. ‘ಕಿವಿ ಕೇಳುತ್ತೆ, ಮಾತು ತಿಳಿಯಲ್ಲ’ ಎನ್ನುವವರ ಕಷ್ಟ ಇದೇ. ಹೆಂಗಸರ, ಮಕ್ಕಳ ಮೆಲುದನಿ ಇನ್ನೂ ಕಷ್ಟ.

ವ್ಯಾಪಾರಸ್ಥರಿಗೆ ಇದು ಹೊಟ್ಟೆಯ ಪ್ರಶ್ನೆ. ಎರಡು ಸಲ ‘ಏನು, ಏನು’ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮನೆಯಲ್ಲಿ ಟೀವಿ ಸೌಂಡು ಜಗಳಕ್ಕೆ ಕಾರಣ. ನಾಲ್ಕು ಜನ ಕೂತ ಕಡೆ ತಪ್ಪು ಉತ್ತರ ಕೊಟ್ಟು ನಗೆಪಾಟಲಾಗುವ ಭಯಕ್ಕೆ ಮನುಷ್ಯ ಮಾತೇ ಕಡಿಮೆ ಮಾಡುತ್ತಾನೆ. ‘ಯಜಮಾನರಿಗೆ ವಯಸ್ಸಾಯ್ತು’ ಅಂತ ಊರು ತೀರ್ಪು ಕೊಡುತ್ತದೆ.

‘ನನಗೆ ಅಭ್ಯಾಸ ಆಗಿದೆ, ಏನೂ ಆಗಲ್ಲ’ ಅನ್ನುವ ಧೈರ್ಯಶಾಲಿಗಳು ಗಮನಿಸಬೇಕು. ಕಿವಿಗೆ ಅಭ್ಯಾಸ ಅನ್ನುವುದಿಲ್ಲ. ಮೊದಲು ಜೋರೆನಿಸಿದ್ದು ಈಗ ಅನಿಸುತ್ತಿಲ್ಲ ಎಂದರೆ ಕಿವಿ ಕೆಟ್ಟಿರಬಹುದು, ಪರೀಕ್ಷೆ ಮಾಡಿಸಬೇಕು.

ಎಲ್ಲರಿಗಿಂತ ಮೊದಲು ಕೆಡುವುದು ಡಿಜೆ ವಾಹನದ ಮೇಲೇ ಕೂತು ದುಡಿಯುವ ಹುಡುಗರ ಕಿವಿ. ಕಾರ್ಖಾನೆಯಲ್ಲಿ ಶಬ್ದದಿಂದ ಬರುವ ಕಿವುಡುತನ ಉದ್ಯೋಗದ ರೋಗ ಎಂದು ಕಾನೂನಿನ ಪಟ್ಟಿಗೆ ಸೇರಿ ದಶಕಗಳಾದವು. ಸೀಸನ್ನಿನಲ್ಲಿ ರಾತ್ರಿಯೆಲ್ಲ ಪೆಟ್ಟಿಗೆ ಕಾಯುವ ಹುಡುಗನಿಗೆ ಯಾವ ಪಟ್ಟಿ?

ಕಾನೂನು ಏನನ್ನುತ್ತದೆ?

ಕಾನೂನು ಇಲ್ಲ ಅನ್ನುವ ಹಾಗಿಲ್ಲ. ಶಬ್ದ ಮಾಲಿನ್ಯ ನಿಯಮಗಳು 2000ನೇ ಇಸವಿಯಿಂದಲೇ ಇವೆ. ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. ಹಬ್ಬ ಹರಿದಿನಕ್ಕೆ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸಬಹುದು, ಅಷ್ಟೇ. ಹಗಲಿನ ಮಿತಿ ಪೇಟೆಗೆ 65, ವಸತಿಗೆ 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ 50.

ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಶಬ್ದ ಮಾಲಿನ್ಯದ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಅದರ ಹಿಂದಿನ ಕಥೆ ಕೇಳಿದರೆ ಕರುಳು ಹಿಂಡುತ್ತದೆ. ಅತ್ಯಾಚಾರಕ್ಕೆ ಸಿಕ್ಕಿದ 13 ವರ್ಷದ ಹುಡುಗಿಯ ಕೂಗು ಪಕ್ಕದಲ್ಲಿ ಅಬ್ಬರಿಸುತ್ತಿದ್ದ ಧ್ವನಿವರ್ಧಕದ ಹಾಡಿನಲ್ಲಿ ಯಾರಿಗೂ ಕೇಳಿಸದೆ ಹೋಯಿತು. ಅದೇ ಸಂಜೆ ಆಕೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟಳು. 1998ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಇದನ್ನು ಓದಿದ ಒಬ್ಬ ಎಂಜಿನಿಯರ್ ಕೋರ್ಟಿಗೆ ಹೋದರು. ಮಾತಾಡುವ ಹಕ್ಕು ಒಬ್ಬನಿಗಿದ್ದರೆ, ಕೇಳದೆ ಇರುವ ಹಕ್ಕು ಇನ್ನೊಬ್ಬನಿಗಿದೆ ಎಂಬುದು ಆ ತೀರ್ಪಿನ ಸಾರ.

ಅನುಮತಿ ಕೊಡುವವರು, ಅಳೆಯುವವರು, ತಡೆಯುವವರು ತಮ್ಮ ಕೆಲಸ ಮಾಡಬೇಕು. ಮಿತಿ ಮೀರಿದರೆ ದೂರು ಕೊಡಲು 112 ಇದೆ. ಆದರೆ ಆದೇಶ ಜಿಲ್ಲೆಯಿಂದ ಬರುವತನಕ ಕಿವಿಯನ್ನು ಒತ್ತೆ ಇಟ್ಟು ಕೂರಬೇಕಾಗಿಲ್ಲ.

ಕೈಯಲ್ಲೇ ಇರುವ ಉಪಾಯ

ಮೊದಲನೆಯದು ದೂರ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ಸುರಕ್ಷಿತ ಹೊತ್ತು ನಾಲ್ಕು ಪಟ್ಟು. ಇಕ್ಕೆಲದಲ್ಲಿ ಗೋಡೆಗಳಿರುವ ಪೇಟೆ ಬೀದಿಯಲ್ಲಿ ಇಷ್ಟು ಇಳಿಯದು, ಆದರೂ ಹಿಂದೆ ಸರಿದಷ್ಟೂ ಲಾಭ. ಪೆಟ್ಟಿಗೆಯ ನೇರ ಎದುರಿಗೆ ಅಂತೂ ನಿಲ್ಲಬೇಡಿ. ಮೆರವಣಿಗೆ ಅಂಗಡಿ ಮುಂದೆ ನಿಂತಾಗ ಷಟರ್ ಅರ್ಧ ಎಳೆದು ಒಳಕೋಣೆಗೆ ಹೋದರೆ ವ್ಯಾಪಾರವೇನೂ ಮುಳುಗುವುದಿಲ್ಲ. ಆ ಗದ್ದಲದಲ್ಲಿ ಕೊಳ್ಳುವವರಾದರೂ ಯಾರು?

ಎರಡನೆಯದು ಕಿವಿಬಿರಡೆ. ಮೆತ್ತನೆಯ ಫೋಮಿನ ಬಿರಡೆಗಳು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಸಿಗುತ್ತವೆ. ಇಲ್ಲದಿದ್ದರೆ ತರಿಸಿಕೊಡುತ್ತಾರೆ. ತೀರಾ ಅಗ್ಗ. ಹಾಕುವ ರೀತಿ ಮುಖ್ಯ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಒಳಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ 15-20 ಡೆಸಿಬಲ್ ತಡೆದೀತು. ಬರೀ ಹತ್ತಿಯನ್ನು ನಂಬಬೇಡಿ, ಅದು ತಡೆಯುವುದು ಅತಿ ಕಡಿಮೆ.

ಮೂರನೆಯದು ಬಿಡುವು. ಕುಣಿಯುವ ಹುಡುಗರು ಕುಣಿಯಲಿ. ಕಾಲು ಗಂಟೆಗೊಮ್ಮೆ ದೂರ ಹೋಗಿ ಚಹಾ ಕುಡಿದು ಬರಲಿ. ಕೈಗೂಸುಗಳನ್ನು ಮಾತ್ರ ಡಿಜೆ ಹತ್ತಿರ ಒಯ್ಯಲೇಬಾರದು. ಕಿವಿ ನೋಯುತ್ತಿದೆ ಎಂದು ಮಗು ಹೇಗೆ ಹೇಳೀತು?

ಬಸ್ಸಿನವರಿಗೂ ಒಂದು ಮಾತು. ಶಿವಮೊಗ್ಗ, ಹೊನ್ನಾಳಿ, ದಾವಣಗೆರೆಗೆ ದಿನಾ ಓಡಾಡುವವರಲ್ಲಿ ಅನೇಕರ ಕಿವಿಯಲ್ಲಿ ಈಗ ಇಯರ್‌ಫೋನು. ಎಂಜಿನ್ನಿನ ಸದ್ದು ಮುಚ್ಚಲು ಫೋನಿನ ಸೌಂಡು ಏರಿಸುತ್ತಾರೆ. ಬಸ್ಸು ನಿಂತಾಗ ಹಾಡು ಕಿರುಚಿದಂತೆ ಕೇಳಿದರೆ ಅದು ಅತಿಯಾಯಿತು ಎಂದರ್ಥ. ನೂರಕ್ಕೆ ಅರವತ್ತರ ಒಳಗಿಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜಗತ್ತಿನಲ್ಲಿ 100 ಕೋಟಿಗೂ ಮೀರಿದ ಯುವಜನರ ಕಿವಿ ಹೀಗೆ ಅಪಾಯದಲ್ಲಿದೆ ಎಂದು ಅದೇ ಸಂಸ್ಥೆ ಎಚ್ಚರಿಸಿದೆ.

‘ಗುಂಯ್’ ಎರಡು ದಿನವಾದರೂ ನಿಲ್ಲದಿದ್ದರೆ ಕಿವಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಡಿ. ಎಣ್ಣೆ ಒಳಕಿವಿಗೆ ಮುಟ್ಟುವುದೇ ಇಲ್ಲ. ಒಂದು ಕಿವಿ ದಿಢೀರನೆ ಕೇಳಿಸದಾದರೆ ಅದು ತುರ್ತು ಕಾಯಿಲೆ, ಅದೇ ದಿನ ವೈದ್ಯರನ್ನು ಕಾಣಬೇಕು. ಮೊದಲ ಕೆಲವೇ ದಿನಗಳಲ್ಲಿ ಔಷಧಿ ಕೊಟ್ಟರೆ ಉಳಿಯುವ ಸಾಧ್ಯತೆ ಹೆಚ್ಚು. ನ್ಯಾಮತಿಯವರಿಗೆ ಜಿಲ್ಲೆ ದಾವಣಗೆರೆಯಾದರೂ ಹತ್ತಿರದ್ದು ಶಿವಮೊಗ್ಗ. ಅಲ್ಲಿ ಮೆಗ್ಗಾನ್ ಆಸ್ಪತ್ರೆ, ಇಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ. ಶ್ರವಣಯಂತ್ರ ಇದೆಯಲ್ಲ ಅನ್ನಬೇಡಿ. ಅದು ಉಳಿದ ಕಿವಿಗೆ ಶಬ್ದ ಏರಿಸಿ ಕೊಡುತ್ತದೆಯೇ ಹೊರತು ಹೋದ ಕಿವಿಯನ್ನು ತಂದು ಕೊಡುವುದಿಲ್ಲ.

ಮುಂದಿನ ಹಬ್ಬದ ಶಾಂತಿಸಭೆಯಲ್ಲಿ ಮಾರ್ಗ, ಸಮಯ, ಬಂದೋಬಸ್ತಿನ ಮಾತಿನ ಜೊತೆ ಇದನ್ನೂ ಎತ್ತಬೇಕು. ಆಸ್ಪತ್ರೆ, ಶಾಲೆ ಎದುರು ವಾದ್ಯ ನಿಲ್ಲಲಿ. ಒಂದೇ ಅಂಗಡಿ ಸಾಲಿನ ಮುಂದೆ ಮೆರವಣಿಗೆ ಅರ್ಧ ಗಂಟೆ ನಿಲ್ಲದಿರಲಿ. ಸಮಿತಿಯವರು ಚಂದಾ ಹಣದಲ್ಲಿ ಒಂದಷ್ಟು ಕಿವಿಬಿರಡೆ ತಂದು ವಾಹನದ ಹುಡುಗರಿಗಾದರೂ ಹಂಚಲಿ. ಚಂದಾ ಕೊಡುವವರು ಪೇಟೆಯವರೇ. ರಸೀದಿ ಹರಿಯುವ ಹೊತ್ತಿಗೇ ‘ನಮ್ಮ ಕಿವಿಗೇನು ವ್ಯವಸ್ಥೆ ಮಾಡೀರಿ?’ ಅಂತ ಕೇಳಲು ಅವರಿಗೆ ಪೂರ್ತಿ ಹಕ್ಕಿದೆ.