ಸಾಗರ ರಸ್ತೆ ಹಿಡಿದು ಕಡಲಿಗೆ

ಬಾಲಿ, ಫುಕೆಟ್, ಅಂಡಮಾನ್ ಎಂದು ಪ್ರವಾಸಿ ಕಂಪನಿಗಳು ಮಾರುವ ಪ್ಯಾಕೇಜುಗಳಲ್ಲಿ ಮೂರು ಸರಕು ಇದ್ದೇ ಇರುತ್ತವೆ: ಬೀಚು, ಮಳೆಕಾಡು, ಕಾಡುಪ್ರಾಣಿ. ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಿಂದ ಸಾಗರ ರಸ್ತೆ ಹಿಡಿದವರಿಗೆ ಈ ಮೂರೂ ಒಂದೇ ಹೆದ್ದಾರಿಯ ಮೇಲೆ ಸಿಗುತ್ತವೆ. ಆಯನೂರು, ಆನಂದಪುರ, ಸಾಗರ, ತಾಳಗುಪ್ಪ, ಜೋಗ, ಗೇರುಸೊಪ್ಪ ದಾಟಿ ಹೊನ್ನಾವರದಲ್ಲಿ ಕಡಲು ಮುಟ್ಟುವ ಈ ದಾರಿ ಸುಮಾರು 160 ಕಿ.ಮೀ. ಆದರೆ ಹೆಚ್ಚಿನವರು ಜೋಗದಲ್ಲೊಂದು, ಮುರುಡೇಶ್ವರದಲ್ಲೊಂದು ಫೋಟೊ ಹೊಡೆದು ರಾತ್ರಿಯೊಳಗೆ ಮನೆ ಸೇರುತ್ತಾರೆ. ನಡುವಿನ ಘಟ್ಟ ಅವರಿಗೆ ಮಕ್ಕಳ ವಾಂತಿಗೆ ಪ್ಲಾಸ್ಟಿಕ್ ಚೀಲ ಹಿಡಿದು ದಾಟಿದ ತಿರುವುಗಳಷ್ಟೆ. ಈ ದಾರಿಯ ಸಿರಿ ಇರುವುದು ಅಲ್ಲೇ.

ಊರು ಬಿಟ್ಟು ಹತ್ತು ಕಿ.ಮೀ. ಆಗುವಷ್ಟರಲ್ಲಿ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ ಬರುತ್ತದೆ. ಇದು ಕಾಡಲ್ಲ, ಬೇಲಿಯೊಳಗಿನ ವಿಶಾಲ ಆವರಣದಲ್ಲಿ ಬಿಟ್ಟ ಪ್ರಾಣಿಗಳನ್ನು ವಾಹನದಲ್ಲಿ ಕುಳಿತು ನೋಡುವ ಸಫಾರಿ. ಮಕ್ಕಳಿಗೆ ಖುಷಿ, ದೊಡ್ಡವರಿಗೆ ಒಂದು ಗಂಟೆ ಸಾಕು. ಒಂದು ಬೆಳಗ್ಗೆ ಹೆಚ್ಚುವರಿ ಸಿಕ್ಕರೆ ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲು ಆನೆ ಶಿಬಿರಕ್ಕೆ ಹೋಗುವುದು ಮೇಲು. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಶಿಬಿರದ ಆನೆಗಳನ್ನು ಮಾವುತರು ಮತ್ತು ಕಾವಾಡಿಗಳು ಬೆಳಗ್ಗೆ ಕರೆತಂದು ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮೀಯಿಸುತ್ತಾರೆ. ತಡವಾಗಿ ಎದ್ದವರಿಗೆ ಕಾಣುವುದು ಖಾಲಿ ನೀರು ಮಾತ್ರ.

ಜೋಗದ ಬಗ್ಗೆ ಹೊಸದಾಗಿ ಹೇಳುವುದು ಕಡಿಮೆ. ರಾಜ, ರಾಣಿ, ರೋರರ್, ರಾಕೆಟ್ ಧುಮುಕುವುದು 253 ಮೀಟರ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಮಳೆಗಾಲ ಬಿಟ್ಟರೆ ಅದರ ಅಬ್ಬರ ಅಷ್ಟಕ್ಕಷ್ಟೆ. ರಾಜ್ಯ ಏಕೀಕರಣಕ್ಕೆ ಮುನ್ನ ಶರಾವತಿ ಹೊಳೆಯ ಈಚೆ ದಡ ಮೈಸೂರು, ಆಚೆ ದಡ ಮುಂಬೈ ಪ್ರಾಂತ್ಯ. ಆಚೆ ಬದಿಯ ಪ್ರವಾಸಿ ಮಂದಿರವನ್ನು ಈಗಲೂ ಬಾಂಬೆ ಬಂಗಲೆ ಎಂದೇ ಕರೆಯುತ್ತಾರೆ.

ಹೊಳೆ ದಾಟಿ ಸಿದ್ದಾಪುರ ತಾಲ್ಲೂಕಿಗೆ ಕಾಲಿಟ್ಟು, ಮಾವಿನಗುಂಡಿ ಕಳೆದ ಮೇಲೆ ಕತ್ತಲೆಕಾನು. ಹಗಲಲ್ಲೂ ಇಲ್ಲಿ ಬಿಸಿಲು ನೆಲ ಮುಟ್ಟುವುದು ಅಪರೂಪ. ಈ ಕಾನಿನೊಳಗೆ ರಾಮಪತ್ರೆ ಜಡ್ಡಿಗಳಿವೆ, ಅಂದರೆ ವರ್ಷದ ಬಹುಕಾಲ ಸಿಹಿನೀರು ನಿಲ್ಲುವ ಜೌಗು ಕಾಡು. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದು. ಅದಕ್ಕೇ ರಾಮಪತ್ರೆಯ ಜಾತಿಯ ಮರಗಳು ಬೇರನ್ನು ಮಂಡಿ ಮಡಚಿದಂತೆ ನೀರಿನಿಂದ ಮೇಲೆತ್ತಿ ಉಸಿರಾಡುತ್ತವೆ; ಕೆಲವು ಕಾಂಡದಿಂದಲೇ ಊರುಗೋಲು ಇಳಿಬಿಡುತ್ತವೆ. ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರ ವಿಜ್ಞಾನಕ್ಕೆ ಪರಿಚಯವಾದದ್ದು ಇಲ್ಲಿಂದಲೇ, 2000ದಲ್ಲಿ. ಅದರ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಬಸ್ಸಿನ ಕಿಟಕಿಯಿಂದ ಕಾಣುವ ಕಾಡಿಗೆ ಇಂಥ ಗೌರವ ಎಷ್ಟು ಕಡೆ ಸಿಕ್ಕೀತು?

ಮರದ ತುದಿಯಲ್ಲಿ ಸಿಂಗಳೀಕಗಳಿರಬಹುದು. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಗೊಂದು ಕುಚ್ಚು. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಈ ಕೋತಿ ನೆಲಕ್ಕಿಳಿಯುವುದೇ ಕಡಿಮೆ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದರ ಸಂಚಾರ ಸಲೀಸು. ಬಿಸ್ಕತ್ತು ಎಸೆಯುವ ಪ್ರವಾಸಿಗರು ಅದನ್ನು ಟಾರು ರಸ್ತೆಗೆ ಇಳಿಸಿ, ಲಾರಿಯ ಚಕ್ರಕ್ಕೆ ಹತ್ತಿರ ತರುತ್ತಿದ್ದಾರೆ. 2019ರಲ್ಲಿ ಸರ್ಕಾರ ಈ ಪ್ರದೇಶವನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವೆಂದು ಘೋಷಿಸಿತು. ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೂ ಸರ್ಕಾರವೇ ಓಡಾಡುತ್ತಿದೆ. ಪರಿಸರಾಸಕ್ತರ ವಿರೋಧಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕಾಡು ಸುತ್ತುವವರು ಕಾಲ ನೋಡಿ ಹೊರಡಬೇಕು. ಮಳೆಗಾಲದಲ್ಲಿ ಉಂಬಳ. ಸುಣ್ಣ, ಉಪ್ಪು, ತಂಬಾಕು ಯಾವುದಾದರೂ ಜೊತೆಗಿದ್ದರೆ ಅದು ಬರೀ ಕಿರಿಕಿರಿ. ಬೇಸಿಗೆಯ ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಇದರ ಕಡಿತದಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ವರೆಗೆ. 2019ರ ಆರಂಭದಲ್ಲಿ ಜೋಗಕ್ಕೆ ಹತ್ತಿರದ ಅರಳಗೋಡು ಇದರಿಂದ ತತ್ತರಿಸಿತ್ತು. ಆ ತಿಂಗಳುಗಳಲ್ಲಿ ಕಾಲುದಾರಿ ಹಿಡಿಯುವ ಮುನ್ನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣುಗು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಬೇಕು. ಅಕ್ಟೋಬರ್-ನವೆಂಬರ್ ಪ್ರಶಸ್ತ: ಜೋಗದಲ್ಲಿ ಇನ್ನೂ ಅಷ್ಟಿಷ್ಟು ನೀರು, ಕಡಲೂ ಶಾಂತ.

ಘಟ್ಟ ಇಳಿದರೆ ಗೇರುಸೊಪ್ಪ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ನೆಲ. ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ. ಮುಂದೆ ಹೊಳೆಗುಂಟ ತೆಂಗು, ಅಡಕೆ ನೋಡುತ್ತಾ ಹೊನ್ನಾವರ.

ಇಲ್ಲಿ ಮೇಲಿನ ಕಾಡಿನ ಉಪಾಯವೇ ಮತ್ತೆ ಕಣ್ಣಿಗೆ ಬೀಳುತ್ತದೆ. ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳೂ ಗಾಳಿಗಾಗಿ ಬೇರನ್ನು ಕೆಸರಿನಿಂದ ಹೊರಗಿಟ್ಟಿವೆ. ಅಲ್ಲಿ ಸಿಹಿನೀರು, ಇಲ್ಲಿ ಉಪ್ಪುನೀರು. ಕಷ್ಟ ಮಾತ್ರ ಒಂದೇ. ಕಾಸರಕೋಡಿನಲ್ಲಿ ಕಾಂಡ್ಲಾ ನಡುವೆ ಹಾಕಿರುವ ಮರದ ನಡಿಗೆ ಹಾದಿಯಲ್ಲಿ ಇಳಿತದ ಹೊತ್ತಿಗೆ ಹೋದರೆ ಬೇರು, ಏಡಿ ಎರಡೂ ಚೆನ್ನಾಗಿ ಕಾಣುತ್ತವೆ. ಪಕ್ಕದ ಇಕೋ ಬೀಚಿಗೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಡೆನ್ಮಾರ್ಕ್‌ನ ಸಂಸ್ಥೆ ನೀಡುವ ಈ ಬಾವುಟಕ್ಕೆ ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಸೇರಿ 33 ಮಾನದಂಡಗಳಿವೆ. ಆ ಸಲ ದೇಶದಲ್ಲಿ ಅದನ್ನು ಪಡೆದದ್ದು ಎಂಟೇ ಬೀಚುಗಳು; ಪಡುಬಿದ್ರಿ ಅವುಗಳಲ್ಲೊಂದು. ಮೀನುಗಾರರ ಟೊಂಕದ ಕಡೆಯ ಮರಳಿಗೆ ಬಾವುಟವಿಲ್ಲ, ಒಣಮೀನಿನ ವಾಸನೆಯಿದೆ. ಆದರೆ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡಲು ಬರುವುದು ಅಲ್ಲಿಗೆ. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬೇಲಿ ಬೀಳುತ್ತದೆ.

ಮರಳುವಾಗ ಅದೇ ಘಟ್ಟ ಬೇಡವೆಂದರೆ ಭಟ್ಕಳ, ಕೊಲ್ಲೂರು, ತುಮರಿ ಮಾರ್ಗವಾಗಿ ಸಾಗರ ಸೇರಬಹುದು. 2025ರ ಜುಲೈಯಲ್ಲಿ ಈ ದಾರಿಯ ಅಂಬಾರಗೋಡ್ಲು-ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಕೇಬಲ್ ಸೇತುವೆ ಸಂಚಾರಕ್ಕೆ ತೆರೆದುಕೊಂಡಿತು. ಅದಕ್ಕೆ ಮುನ್ನ ಲಿಂಗನಮಕ್ಕಿ ಹಿನ್ನೀರು ದಾಟಲು ಲಾಂಚಿಗಾಗಿ ಕಾದು ನಿಲ್ಲುವುದು ಪ್ರವಾಸಿಗರಿಗೆ ಮೋಜಾಗಿತ್ತು, ಆಸ್ಪತ್ರೆಗೆ ಹೊರಟ ತುಮರಿಯವರಿಗೆ ಸಂಕಟವಾಗಿತ್ತು. ಈಗ ಆ ದೂರ ಕೆಲವೇ ನಿಮಿಷದ್ದು.